ಮಾಧವರಾಯರ ಎರಡು ಕಿವಿಯ ಲೋಟ

ಮಾಧವರಾಯರು ಯಾರ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಕೈಗೆ ಸಿಕ್ಕ ಪಾತ್ರೆಯನ್ನು ತಲೆಕೆಳಗು ಮಾಡಿ ನೋಡುವುದು. ನಮಸ್ಕಾರ, ಕುಶಲ, ಶೂ ಬಿಚ್ಚುವುದು ಎಲ್ಲ ಆಮೇಲೆ. ನಮ್ಮ ಮನೆಗೆ ಮೊದಲ ಸಲ ಬಂದ ದಿನ ನೇರ ಅಡುಗೆಮನೆಗೆ ನುಗ್ಗಿ, ಕಟ್ಟೆಯ ಮೇಲಿದ್ದ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೆಯದೆ ಎತ್ತಿ ಬಗ್ಗಿಸಿಯೇ ಬಿಟ್ಟರು. ಅದರಲ್ಲಿ ಆಗತಾನೆ ಹೆಪ್ಪು ಹಾಕಿದ ಹಾಲಿತ್ತು. ಅರ್ಧ ಗ್ಯಾಲನ್ ಹಾಲು ಕಟ್ಟೆಯಿಂದ ಡ್ರಾಯರಿಗೆ, ಡ್ರಾಯರಿನಿಂದ ನೆಲಕ್ಕೆ ಇಳಿಯಿತು. ರಾಯರು ಗಾಬರಿಯಾಗಲಿಲ್ಲ. ಮೊಣಕಾಲು ಮಡಚಿ ಬಗ್ಗಿ ಹಾಲು ಇಳಿಯುವ ದಾರಿಯನ್ನೇ ನೋಡಿದರು.

"ನೋಡಿ ಸುಮಿತ್ರಮ್ಮ, ಈ ಪಾತ್ರೆ ಬಾಯಿ ಸರಿ ಇಲ್ಲ. ಹಾಲು ಅದರ ಹೊಟ್ಟೆ ಮೇಲೇ ಹರೀತು. ಒಳ್ಳೇ ಬಾಯಿ ಆಗಿದ್ರೆ ದೂರಕ್ಕೆ ಬೀಳ್ತಿತ್ತು."

"ದೂರಕ್ಕೆ ಬಿದ್ದಿದ್ರೆ ಕಾರ್ಪೆಟ್ ಮೇಲೆ ಬೀಳ್ತಿತ್ತು ರಾಯರೇ," ಅಂದೆ.

"ಅದೂ ನಿಜವೇ," ಅಂದು ತಮ್ಮ ಕರವಸ್ತ್ರದಿಂದಲೇ ನೆಲ ಒರೆಸತೊಡಗಿದರು. ಒರೆಸುತ್ತಲೇ, "ಮನುಷ್ಯ ಸುಳ್ಳು ಹೇಳ್ತಾನೆ, ಹನಿ ಹೇಳಲ್ಲ," ಅಂದರು. ಈ ಮಾತನ್ನು ಅವರ ಬಾಯಲ್ಲಿ ಆಮೇಲೆ ನೂರು ಸಲ ಕೇಳಿದ್ದೇನೆ.

ಆಗ ನಾವು ಅಮೆರಿಕದ ಕೆರೊಲಿನಾದ ಡರ್ಹಮ್‌ನಲ್ಲಿದ್ದೆವು. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ನಮ್ಮದರಿಂದ ಎರಡು ಬಾಗಿಲು ದಾಟಿದರೆ ರಾಯರದು. ಉದ್ದನೆಯ ಆಳು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಅಳತೆಯ ಕ್ಯಾಲಿಪರ್, ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಮಣ್ಣು. ಕೂತದ್ದನ್ನು ಕಂಡವರಿಲ್ಲ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ನಮ್ಮ ಡೈನಿಂಗ್ ಟೇಬಲ್ಲಿಗೆ ಪ್ರದಕ್ಷಿಣೆ ಹಾಕುತ್ತಲೇ ಊಟ ಮುಗಿಸುವರು. "ಕೂತ್ಕೊಳ್ಳಿ ರಾಯರೇ," ಅಂದರೆ, "ಕೂತ್ರೆ ಮಣ್ಣು ಒಣಗುತ್ತೆ," ಎಂಬ ಉತ್ತರ ಸಿದ್ಧವಿತ್ತು. ನಮ್ಮವರಿಗೆ ಅವರು ಬಂದರೆ ತಲೆ ಸುತ್ತುತ್ತಿತ್ತು. "ಫ್ಯಾನ್ ಆಫ್ ಮಾಡಬಹುದು, ಇವರನ್ನ ಹೇಗೆ ಮಾಡೋದು?" ಎಂದು ನನ್ನ ಹತ್ತಿರ ಗೊಣಗುತ್ತಿದ್ದರು.

ಬೆಂಗಳೂರಿನ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಆಮೇಲೆ ಕೆರೊಲಿನಾಗೆ ಬಂದು, ಕರೆಂಟ್ ಕಂಬದ ಮೇಲೆ ಬಿಳಿ ಬಟ್ಟಲುಗಳ ಹಾಗೆ ಕಾಣುವ ಇನ್ಸುಲೇಟರ್ ಮಾಡುವ ಕಂಪನಿಯಲ್ಲಿ ರಿಟೈರ್ ಆಗುವವರೆಗೆ ಇದ್ದವರು. ಹೆಂಡತಿ ಲಲಿತಕ್ಕ. ಇಡೀ ಊರಿನ ಕನ್ನಡದ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸಿದವರು ಅವರೇ, ನನಗೂ ಕಲಿಸಿದ್ದರು. ಹೈವೇಗೆ ಸೇರುವಾಗ ನಾನು ಕಣ್ಣು ಮುಚ್ಚಿಕೊಂಡರೆ, "ಸುಮಿ, ಕಣ್ಣು ಬಿಡು, ದೇವರನ್ನ ಆಮೇಲೆ ನೆನೆಸ್ಕೊ," ಅನ್ನುತ್ತಿದ್ದರು. ಒಂದು ದೀಪಾವಳಿಯ ವಾರ ಅವರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಬುದ್ಧಿ ಉಳಿಯಿತು, ನಾಲಗೆಯ ಮೊನೆಯೂ ಉಳಿಯಿತು. ಬಲಗೈ, ಬಲಗಾಲು ಉಳಿಯಲಿಲ್ಲ. ಗಾಲಿ ಕುರ್ಚಿ ಬಂತು. ಬಲಗೈಯ ಬೆರಳುಗಳು ಒಳಕ್ಕೆ ಬಾಗಿ ಕೊಕ್ಕೆಯ ಹಾಗೆ ನಿಂತವು.

ತೊಂದರೆ ಶುರುವಾದದ್ದು ಕುಡಿಯುವುದರಿಂದ. ಆಸ್ಪತ್ರೆಯವರು ಮೂತಿ ಇರುವ ಪ್ಲಾಸ್ಟಿಕ್ ಕಪ್ಪು ಕೊಟ್ಟರು. ಲಲಿತಕ್ಕ ಅದನ್ನು ನೋಡಿ ಮುಖ ತಿರುಗಿಸಿದರು. ಸ್ಟ್ರಾ ಹಾಕಿದರೆ ಕಾಫಿ ನೇರ ಗಂಟಲಿಗೆ ಹೋಗಿ ಕೆಮ್ಮು. ರಾಯರು ಲೋಟ ಎತ್ತಿ ಬಾಯಿಗೆ ಹಿಡಿದರೆ ಎರಡು ಗುಟುಕು, ಮೂರನೆಯದಕ್ಕೆ ಲಲಿತಕ್ಕ ಹಲ್ಲು ಕಚ್ಚಿಕೊಂಡು ಬಿಡುವರು. ನಿಂತ ಕಾಲಲ್ಲಿ ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದ ಹೆಂಗಸು ಅವರು.

"ಮೂವತ್ತು ವರ್ಷ ಕರೆಂಟು ದಾಟದ ಹಾಗೆ ಮಣ್ಣು ಸುಟ್ಟೆ ಸುಮಿತ್ರಮ್ಮ," ಎಂದು ರಾಯರು ನಮ್ಮ ಬಾಗಿಲಲ್ಲಿ ನಿಂತು ಹೇಳಿದರು. "ಈಗ ಒಂದು ಲೋಟ ಕಾಫಿ ಇವಳ ಬಾಯಿಗೆ ದಾಟೋ ಹಾಗೆ ಮಾಡೋಕೆ ಆಗ್ತಿಲ್ಲ. ತಾನೇ ಎತ್ತಿ ಕುಡೀಬೇಕು ಅವಳು. ನಾನು ಹಿಡಿದ್ರೆ ಆಗಲ್ಲ."

ಆ ದಿನದಿಂದ ಅವರಿಗೆ ಬೇರೆ ಯೋಚನೆಯಿರಲಿಲ್ಲ. ಲಲಿತಕ್ಕ ತಾನಾಗಿ ಎತ್ತಿ ಕುಡಿಯಬಲ್ಲ ಒಂದು ಲೋಟ. ಅಷ್ಟೇ.

ಗ್ರೀಕರು ಇದರೊಳಗೆ ಬಂದದ್ದು ಹೇಗೆಂದರೆ, ಲಲಿತಕ್ಕನಿಗೆ ಥೆರಪಿ ನಡೆಯುವ ಒಂದು ಗಂಟೆ ರಾಯರಿಗೆ ಕಾಯುವ ಕೋಣೆಯಲ್ಲಿ ಕೂರಲಾಗದೆ, ರಸ್ತೆಯಾಚೆಗಿದ್ದ ಕಾಲೇಜಿನ ಪುಟ್ಟ ಮ್ಯೂಸಿಯಮ್ಮಿಗೆ ಹೋಗಿ ಸುತ್ತತೊಡಗಿದ್ದರು. ಅಲ್ಲಿ ಒಂದು ಕೋಣೆಯ ತುಂಬ ಎರಡೂವರೆ ಸಾವಿರ ವರ್ಷದ ಗ್ರೀಕ್ ಮಡಿಕೆಗಳು. ನೋಡುವವರೆಲ್ಲ ಅವುಗಳ ಮೇಲಿನ ಚಿತ್ರ ನೋಡುತ್ತಾರೆ: ಕುದುರೆ, ಯುದ್ಧ, ಬಟ್ಟೆಯಿಲ್ಲದ ವೀರರು. ರಾಯರು ಚಿತ್ರ ನೋಡಲೇ ಇಲ್ಲ. ಹಿಡಿ ನೋಡಿದರು. ಬಾಯಿ ನೋಡಿದರು.

"ಆ ಜನ ಒಂದೊಂದು ಕೆಲಸಕ್ಕೆ ಒಂದೊಂದು ಆಕಾರ ಮಾಡಿದ್ರು," ಎಂದು ಆ ಸಂಜೆ ನಮ್ಮ ಟೇಬಲ್ಲಿಗೆ ಸುತ್ತು ಹಾಕುತ್ತ ವರ್ಣಿಸಿದರು. "ನೀರು ತರೋಕೆ ಒಂದು, ಎಣ್ಣೆ ಹಾಕೋಕೆ ಒಂದು, ಬೆರೆಸೋಕೆ ಒಂದು, ಮೊಗೆಯೋಕೆ ಒಂದು, ಕುಡಿಯೋಕೆ ಹತ್ತು. ಕೂತು ಕುಡಿಯೋರಿಗೆ ಬೇರೆ, ಒರಗಿ ಕುಡಿಯೋರಿಗೆ ಬೇರೆ. ನಾವು ಪಾತ್ರೆಗೆ ಬಾಯಿ, ಕಂಠ, ಹೊಟ್ಟೆ, ಕಿವಿ ಅಂತೀವಲ್ಲ, ಅವರೂ ಹಿಡಿಗೆ ಕಿವಿ ಅಂತಲೇ ಅಂತಿದ್ರಂತೆ. ಅಷ್ಟು ಯೋಚನೆ ಮಾಡಿದ ಜನ ಲಲಿತನ ಕೈಗೆ ಆಗೋ ಒಂದನ್ನ ಮಾಡಿರಲ್ವಾ?"

ಊರಿನ ಕ್ರಾಫ್ಟ್ ಸೆಂಟರಿನಲ್ಲಿ ಕುಂಬಾರನ ಚಕ್ರವಿತ್ತು, ಮಡಿಕೆ ಸುಡುವ ಗೂಡೂ ಇತ್ತು. ರಾಯರು ಆ ಆಕಾರಗಳನ್ನೆಲ್ಲ ಒಂದೊಂದಾಗಿ ಮಾಡಲು ಹೊರಟರು. ಒಂದನ್ನೇ ಮಾಡಿ ನೋಡಿದರಾಗದೇ ಅಂದರೆ, "ಪೂರ್ತಿ ಸಂಸಾರ ನೋಡದೆ ಒಬ್ಬನ ಗುಣ ಹೇಳೋಕಾಗುತ್ತಾ?" ಅನ್ನುವರು. ಮಾಡಿದ್ದನ್ನು ಬಳಸಿ ನೋಡಬೇಕಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆಗ ಕೆಲಸ ಮಾಡಲು ವೀಸಾ ಇರಲಿಲ್ಲ, ದಿನ ಉದ್ದವಾಗಿತ್ತು. ರಾಯರು ಒಂದು ಸುರುಳಿ ನೋಟುಪುಸ್ತಕ ತಂದು ತಾವೇ ಗೆರೆ ಹಾಕಿ ಕೊಟ್ಟರು: ಯಾವ ಪಾತ್ರೆ, ಏನು ತುಂಬಿದೆ, ಹನಿ ಬಿತ್ತೇ, ಕೈ ಏನೆಂದಿತು. ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಫೋನು. ಎರಡು ಬಾಗಿಲಿನಾಚೆ ಇದ್ದುಕೊಂಡು ಫೋನು! "ಹೂಂ, ವರದಿ ಹೇಳಿ," ಎಂದೇ ಶುರು. ಅತ್ತ ಕಡೆ ಅವರು ನಡೆದಾಡುವ ಸದ್ದು, ಫೋನಿನ ವೈರು ಕುರ್ಚಿಗೆ ಸಿಕ್ಕಿಕೊಳ್ಳುವ ಸದ್ದು ಎಲ್ಲ ಕೇಳಿಸುತ್ತಿತ್ತು.

ಮೊದಲು ಬಂದದ್ದು ಹೈಡ್ರಿಯಾ, ಅವರ ನೀರಿನ ಬಿಂದಿಗೆ. ಅದಕ್ಕೆ ಮೂರು ಕಿವಿ. ಅಕ್ಕಪಕ್ಕ ಅಡ್ಡಲಾಗಿ ಎರಡು, ಬೆನ್ನಿಗೆ ಉದ್ದಕ್ಕೆ ಒಂದು. ಮೂರು ಯಾಕೆ ಎಂದು ನನಗೆ ತಿಳಿದದ್ದು ತುಂಬಿ ಎತ್ತಿದಾಗ: ಅಡ್ಡ ಕಿವಿ ಎರಡು ಹಿಡಿದರೆ ಎತ್ತಲಿಕ್ಕೆ, ಬೆನ್ನಿನದು ಹಿಡಿದರೆ ಸುರಿಯಲಿಕ್ಕೆ. ಹಿಂದಿನ ಡೆಕ್ಕಿನ ಟೊಮೇಟೊ ಗಿಡಗಳಿಗೆ ಅದರಲ್ಲೇ ನೀರು ಹಾಕಿದೆ. ಸೊಂಟದ ಮೇಲಿಟ್ಟು ನಡೆದ ದಿನ ಪಕ್ಕದ ಮನೆಯ ಅಮೆರಿಕನ್ ಹೆಂಗಸು ಕಾಫಿ ಬಿಟ್ಟು ಕಿಟಕಿಗೆ ಬಂದು ನಿಂತಳು. ಆಮೇಲೆ ಲೆಕಿಥೋಸ್, ಎಣ್ಣೆಯ ಕುಡಿಕೆ. ಸಣ್ಣ ಕತ್ತು, ಮೇಲೆ ಬಟ್ಟಲಿನ ಹಾಗೆ ಅಗಲವಾದ ಬಾಯಿ. ದೋಸೆಯ ಸುತ್ತ ಎಣ್ಣೆ ಬಿಡಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೂಲಿನ ಹಾಗೆ ಬೀಳುತ್ತದೆ, ನಿಲ್ಲಿಸಿದರೆ ತಟ್ಟನೆ ನಿಲ್ಲುತ್ತದೆ, ಬಾಯಿಯ ಬಟ್ಟಲಲ್ಲಿ ಉಳಿದ ಹನಿ ತಾನೇ ಒಳಕ್ಕೆ ಜಾರುತ್ತದೆ. "ಇಂಥ ಕುಡಿಕೆ ಮೇಲೆ ಒಬ್ಬ ಹೆಂಗಸು ತನ್ನ ಹೆಸರು ಗೀಚಿ, ಕದ್ದವರ ಕಣ್ಣು ಹೋಗಲಿ ಅಂತ ಬರೆದಿದ್ದಾಳಂತೆ," ಎಂದು ರಾಯರು ಹೇಳಿದರು. ನನಗೆ ಮದುವೆಯಲ್ಲಿ ನಮ್ಮಮ್ಮ ಪಾತ್ರೆಗಳಿಗೆಲ್ಲ ಹೆಸರು ಹಾಕಿಸಿದ್ದು ನೆನಪಾಯಿತು. ಶಾಪವೊಂದನ್ನು ಬಿಟ್ಟಿದ್ದರು, ಅಷ್ಟೇ.

ರಾಮನವಮಿಯ ಪಾನಕದ ಕತೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಊರಿನ ಲೈಬ್ರರಿಯ ಹಾಲಿನಲ್ಲಿ ನಮ್ಮ ಕನ್ನಡದವರ ಪಾಟ್‌ಲಕ್. ಎಲ್ಲರೂ ಅಲ್ಯೂಮಿನಿಯಮ್ ಟ್ರೇಗಳಲ್ಲಿ ಕೋಸಂಬರಿ, ಪುಳಿಯೋಗರೆ ತಂದಿದ್ದರೆ ರಾಯರು ಕ್ರೇಟರ್ ಹೊತ್ತು ತಂದರು. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸುತ್ತಿದ್ದ ದೊಡ್ಡ ಬಾಯಿಯ ಬಾನಿ ಅದು. ಅದರಲ್ಲಿ ನಾನು ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು ಹಾಕಿ ಪಾನಕ ಮಾಡಿದೆ. ಕುಡಿಯಲು ರಾಯರು ಹನ್ನೆರಡು ಕೈಲಿಕ್ಸ್ ಮಾಡಿದ್ದರು: ತಟ್ಟೆಯಷ್ಟು ಅಗಲ, ಅಂಗೈಯಷ್ಟೇ ಆಳ, ಕೆಳಗೆ ಬೆರಳುದ್ದದ ಕಾಲು, ಎರಡು ಕಡೆ ಕಿವಿ. ನೋಡಲು ಬಹಳ ಚೆಂದ. ಮೊದಲನೆಯದು ನಮ್ಮವರ ಕೈಗೆ ಹೋಯಿತು.

ನಮ್ಮ ಜನ ನಾಲ್ಕು ಜನರೆದುರು ಹೇಗೆ ಕುಡಿಯುತ್ತಾರೆ? ಕಚ್ಚಿ ಕುಡಿಯುತ್ತಾರೆಯೇ? ನಮ್ಮವರು ತಲೆ ಹಿಂದಕ್ಕೆ ಬಗ್ಗಿಸಿ, ಅಷ್ಟಗಲದ ತಟ್ಟೆಯನ್ನು ಬಾಯಿಂದ ಒಂದಡಿ ಮೇಲೆತ್ತಿ ಬಗ್ಗಿಸಿದರು. ಪಾನಕ ಬಾಯೊಂದನ್ನು ಬಿಟ್ಟು ಬೇರೆಲ್ಲ ಕಡೆ ಬಿತ್ತು. ಬಿಳಿ ಜುಬ್ಬದ ಮೇಲೆ ಬೆಲ್ಲದ ನದಿ. ಅವರ ಪಕ್ಕದಲ್ಲಿದ್ದವರು ಅದನ್ನು ನೋಡಿಯೂ, ತಾವು ಹುಷಾರಾಗಿ ಮಾಡುತ್ತೇವೆಂದು ಅದನ್ನೇ ಮಾಡಿದರು. ಮೂರನೆಯವರ ರೇಷ್ಮೆ ಸೀರೆ ಹೋಯಿತು. ಆಮೇಲೆ ಪೇಪರ್ ಕಪ್ಪು ತರಿಸಿದೆವು.

"ಏನ್ರೀ ರಾಯರೇ, ಇದು ಕುಡಿಯೋಕೋ, ಅಭಿಷೇಕಕ್ಕೋ?" ಎಂದು ಯಾರೋ ಕೂಗಿದರು.

ಹಾಲೆಲ್ಲ ನಕ್ಕಿತು. ಗಾಲಿ ಕುರ್ಚಿಯಲ್ಲಿದ್ದ ಲಲಿತಕ್ಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆರು ತಿಂಗಳಲ್ಲಿ ನಾನು ಅವರು ನಕ್ಕಿದ್ದನ್ನು ಕಂಡಿರಲಿಲ್ಲ. ರಾಯರು ಮಾತ್ರ ನಗದೆ, ಅವಮಾನವೂ ಪಡದೆ, ನನ್ನ ನೋಟುಪುಸ್ತಕ ಕಸಿದುಕೊಂಡು ನಿಂತಲ್ಲೇ ಬರೆದರು. ಇವತ್ತಿಗೂ ಆ ಪುಟದಲ್ಲಿ ಪಾನಕದ ಕಲೆಯಿದೆ: "ಕಚ್ಚಿ ಕುಡಿಯುವ ಜನಕ್ಕೆ ಮಾಡಿದ್ದು. ಪಾತ್ರೆಯ ತಪ್ಪಲ್ಲ. ಕುಡಿಯುವವರ ಪದ್ಧತಿಯನ್ನು ಮೊದಲು ಕೇಳಬೇಕಿತ್ತು."

ಇಷ್ಟು ಸ್ಪಷ್ಟವಾಗಿ ಬರೆದ ಮನುಷ್ಯ ತನ್ನ ಹೆಂಡತಿಯ ವಿಷಯದಲ್ಲಿ ಅದೇ ತಪ್ಪನ್ನು ನಾಲ್ಕು ತಿಂಗಳು ಮಾಡಿದರು.

ಜೂನ್‌ನಲ್ಲಿ ಲಲಿತಕ್ಕ ಬಚ್ಚಲಲ್ಲಿ ಕುರ್ಚಿಯಿಂದ ಜಾರಿ ಎಚ್ಚರ ತಪ್ಪಿದರು. ಮೈಯಲ್ಲಿ ನೀರೇ ಇಲ್ಲ ಅಂದರು ಆಸ್ಪತ್ರೆಯಲ್ಲಿ. ಎರಡು ದಿನ ಡ್ರಿಪ್ ಹಾಕಿ ಕಳಿಸುವಾಗ ಡಾಕ್ಟರು, ಸೆಪ್ಟೆಂಬರಿನ ಚೆಕಪ್ ಹೊತ್ತಿಗೆ ಹೀಗೇ ಇದ್ದರೆ ಹೊಟ್ಟೆಗೆ ಟ್ಯೂಬ್ ಹಾಕುವ ಮಾತಾಡಬೇಕಾಗುತ್ತದೆ ಅಂದರು. ಅವರನ್ನು ಮನೆಗೆ ಕರೆತಂದ ಮೇಲೆ ನಾನು ಅಲ್ಲೇ ಪಾತ್ರೆ ತೊಳೆಯುತ್ತಿದ್ದೆ. ರಾಯರು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. "ಸೆಪ್ಟೆಂಬರ್," ಅನ್ನುವರು, ತಿರುಗುವರು. "ಸೆಪ್ಟೆಂಬರ್."

ಆ ಬೇಸಿಗೆ ನನಗೂ ನಿದ್ದೆ ನೆಟ್ಟಗೆ ಇರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ತಟ್ಟನೆ ಎರಡು ಬಾಗಿಲಿನಾಚೆ ಈ ಹೊತ್ತಿಗೆ ಅವರು ನೀರು ಕುಡಿದರೋ ಇಲ್ಲವೋ ಎಂದು ಅನ್ನಿಸಿ, ಒಲೆ ಆರಿಸಿ ಹೋಗಿ ನೋಡಿ ಬರುತ್ತಿದ್ದೆ.

ರಾಯರು ಒಂದಾದ ಮೇಲೊಂದು ತಂದರು. ಮೂತಿಯಿರುವ ಪುಟ್ಟ ಕುಡಿಕೆ, ಗ್ರೀಕರು ಕೂಸುಗಳಿಗೆ ಹಾಲು ಹಾಕುತ್ತಿದ್ದದ್ದು, ನಮ್ಮ ಒಳಲೆಯ ಅಕ್ಕನೋ ತಂಗಿಯೋ ಎನ್ನಬೇಕು. ಲಲಿತಕ್ಕ, "ಪ್ಲಾಸ್ಟಿಕ್ ಬದಲು ಮಣ್ಣಿಂದು. ನಾನು ಮಾತ್ರ ಅದೇ ಪಾಪು, ಅಲ್ವಾ?" ಅಂದರು. ಆಮೇಲೆ ಅಂಚಿಗಿಂತ ಮೇಲೆ ಎದ್ದ ಎರಡು ಕಿವಿಯ ಎತ್ತರದ ಬಟ್ಟಲು. "ಮೊಲ," ಅಂದರು, ಬಲಗೈಯ ಬೆರಳು ಆ ನಿಂತ ಕಿವಿಯನ್ನು ಹಿಡಿಯಲಾರದೆ ಜಾರಿತು. ಕೊನೆಗೆ ಜುಲೈ ಕೊನೆಯಲ್ಲಿ ರಾಯರು ತಮ್ಮ ಬುದ್ಧಿಯನ್ನೆಲ್ಲ ಸುರಿದು ಒಂದು ಲೋಟ ಮಾಡಿದರು. ಒಂದೇ ಕಿವಿ, ಎಡಗೈಗೆ. ಲಲಿತಕ್ಕನ ಎಡಗೈ ಬೆರಳುಗಳನ್ನು ಕ್ಯಾಲಿಪರಿನಲ್ಲಿ ಅಳೆದು ಮಾಡಿದ ಕಿವಿ. ಬುಡ ಅಗಲ, ಉರುಳುವಂತಿಲ್ಲ. ಅಂಚು ಒಳಕ್ಕೆ ಬಾಗಿದೆ, ಚೆಲ್ಲುವಂತಿಲ್ಲ. ನಾನು ಹತ್ತು ದಿನ ಬಳಸಿ ನೋಡಿ ಬರೆದೆ: "ಹನಿ ಇಲ್ಲ. ಹನಿ ಇಲ್ಲ. ಹನಿ ಇಲ್ಲ."

ಅದರಲ್ಲಿ ಕಾಫಿ ಹಾಕಿ ಲಲಿತಕ್ಕನ ಎಡಗಡೆ ಇಟ್ಟರು. ಅವರು ಮುಟ್ಟಲಿಲ್ಲ.

"ಎಡಗೈ ನೆಟ್ಟಗಿದೆಯಲ್ಲೇ!" ರಾಯರ ದನಿ ಏರಿತು. "ಎತ್ತು!"

"ಎಡಗೈಲಿ ಕಾಫಿ ಕುಡೀಲಾ?"

"ಯಾರು ನೋಡ್ತಾರೆ ಇಲ್ಲಿ? ಈ ದೇಶದಲ್ಲಿ ಅರ್ಧ ಜನ ಎಡಗೈಲೇ ತಿಂತಾರೆ! ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ," ಅಂದರು ಲಲಿತಕ್ಕ.

ರಾಯರು ಬಾಗಿಲು ಹಾಕಿಕೊಳ್ಳದೆ ಹೊರಟುಹೋದರು. ನಮ್ಮ ಪಾರ್ಕಿಂಗ್ ಲಾಟಿನ ಸುತ್ತ ಹತ್ತೋ ಹನ್ನೆರಡೋ ಸುತ್ತು ಹಾಕಿದ್ದನ್ನು ಕಿಟಕಿಯಿಂದ ನೋಡಿದೆ. ಬಿಸಿಲಲ್ಲಿ ಡಾಂಬರು ಮೆತ್ತಗಾಗಿತ್ತು. ಒಳಗೆ ಲಲಿತಕ್ಕ ತಣ್ಣಗಾಗುವ ಕಾಫಿಯನ್ನು ನೋಡುತ್ತ, "ಸುಮಿ, ಅವರಿಗೆ ಟೋಪಿ ಕೊಟ್ಟು ಬಾ," ಅಂದರು.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ವ್ರತ ಬಂತು. ಕುಂಕುಮಕ್ಕೆ ಲಲಿತಕ್ಕನನ್ನು ಕುರ್ಚಿಯಲ್ಲೇ ಕರೆತಂದೆವು. ತೀರ್ಥ ಕೊಡಲು ಹೋದೆ. ಲಲಿತಕ್ಕ ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದು, ಭಾರದ ವಸ್ತುವನ್ನು ಎತ್ತುವ ಹಾಗೆ ಎತ್ತಿ, ಆ ಬಾಗಿದ ಅಂಗೈಯನ್ನು ನನ್ನ ಮುಂದೆ ಚಾಚಿದರು. ತೀರ್ಥ ಬೆರಳ ಸಂದಿಯಲ್ಲಿ ಸೋರಿತು. ಉಳಿದ ಎರಡು ಹನಿಯನ್ನು ಬಲಗೈಯಿಂದಲೇ ಬಾಯಿಗೆ ಮುಟ್ಟಿಸಿಕೊಂಡರು. ಎಡಗೈ ಬರೀ ಹೊತ್ತುಕೊಂಡು ಹೋಗಿತ್ತು.

ಇಷ್ಟು ದಿನದಿಂದ ನಾನು ಲೋಟದ ಹನಿಗಳನ್ನೇ ಬರೆದುಕೊಳ್ಳುತ್ತಿದ್ದೆ. ಅವತ್ತು ಸಂಜೆ ನೋಟುಪುಸ್ತಕದಲ್ಲಿ ಇದನ್ನು ಬರೆದೆ. ಭಾನುವಾರ ಎಂಟಕ್ಕೆ ಫೋನು ಬಂದಾಗ ಓದಿ ಹೇಳಿದೆ.

"ರಾಯರೇ, ಅವರಿಗೆ ಎಡಗೈ ಬೇಡ ಅಂತಲ್ಲ. ಬಲಗೈನ ಬಿಟ್ಟು ಕುಡಿಯೋದು ಬೇಡ. ಬಲಗೈ ಲೋಟದ ಮೇಲಿರಬೇಕು. ಕೆಲಸ ಎಡಗೈ ಮಾಡಲಿ."

ಆ ಕಡೆ ನಡೆದಾಟದ ಸದ್ದು ನಿಂತಿತು.

"ಪಾನಕದ ದಿನ ನಾನೇ ಬರೆದಿದ್ನಲ್ಲ ಸುಮಿತ್ರಮ್ಮ," ಅಂದರು. "ಪದ್ಧತಿ ಮೊದಲು ಕೇಳಬೇಕು ಅಂತ."

ಬಲಗೈಗೂ ಸ್ಥಳ ಬೇಕೆಂದು ಗೊತ್ತಾಯಿತು ಸರಿ, ಹಿಡಿಯಲಾರದ ಕೈಗೆ ಯಾವ ಕಿವಿ ಕೊಡುವುದು? ರಾಯರು ಕಾಗದದ ಮೇಲೆ ಹತ್ತಾರು ಕಿವಿ ಬರೆದರು, ಹರಿದರು. ನಿಂತ ಕಿವಿ ಎರಡು ಇಟ್ಟರೆ ಬಲಗೈ ಜಾರುತ್ತದೆ. ಅಡ್ಡ ಕಿವಿ ಎರಡು ಇಟ್ಟರೆ ಎಡಗೈಗೆ ಬಗ್ಗಿಸುವ ಬಲ ಸಿಗುವುದಿಲ್ಲ. ಚೆಕಪ್ಪಿಗೆ ಆರೇ ವಾರ ಉಳಿದಿತ್ತು.

ಅಷ್ಟರಲ್ಲಿ ಅವರ ಮನೆಯ ಏಸಿ ಕೆಟ್ಟಿತು. ರಿಪೇರಿಯವನು ಬರುವುದು ಸಂಜೆಗೆ ಅಂದ. ಆಗಸ್ಟಿನ ಡರ್ಹಮ್ ಅಂದರೆ ಇಡ್ಲಿ ಪಾತ್ರೆಯ ಒಳಗಿದ್ದ ಹಾಗೆ. ನಮ್ಮ ಮನೆಯಲ್ಲಿ ಕಾರ್ಪೆಟ್ ತೊಳೆಯುವವರು ಬಂದು ಎಲ್ಲ ಒದ್ದೆ ಮಾಡಿಟ್ಟಿದ್ದರು. ತಣ್ಣಗಿರುವ ಜಾಗ ಯಾವುದು ಅಂದರೆ ರಾಯರಿಗೆ ಹೊಳೆದದ್ದು ಮ್ಯೂಸಿಯಮ್ಮೇ. "ಒಡೆದ ಮಡಿಕೆ ನೋಡೋಕೆ ನಾನ್ಯಾಕೆ?" ಎಂದು ಅದುವರೆಗೆ ಒಮ್ಮೆಯೂ ಹೋಗದಿದ್ದ ಲಲಿತಕ್ಕ, ಸೆಕೆ ತಾಳಲಾರದೆ ನನ್ನ ವ್ಯಾನ್ ಹತ್ತಿದರು. "ಬ್ಲಿಂಕರ್ ಹಾಕು ಸುಮಿ," ಎಂದು ದಾರಿಯುದ್ದಕ್ಕೂ ಪಾಠ.

ಅಲ್ಲಿ ಕಾವಲಿಗಿದ್ದ ವಯಸ್ಸಾದ ಹೆಂಗಸಿಗೆ ರಾಯರ ಪರಿಚಯ ಚೆನ್ನಾಗಿತ್ತು. ಒಳಗೆ ಕಾಲಿಡುವ ಮೊದಲೇ, "ಮಿಸ್ಟರ್ ರಾವ್, ಮೂಗು ಗ್ಲಾಸಿಗೆ ತಾಗಿಸಬೇಡಿ, ದಿನಾ ನಾನೇ ಒರೆಸೋದು," ಅಂದಳು. ರಾಯರು ತಮ್ಮ ಮಾಮೂಲಿ ದಾರಿ ಹಿಡಿದು ಬಿರಬಿರನೆ ನಡೆದರು, ಕಪಾಟಿನಿಂದ ಕಪಾಟಿಗೆ, ಎದೆಯೆತ್ತರದ ಹಲಗೆಗಳನ್ನು ತೋರಿಸುತ್ತ. ನಾನು ಕುರ್ಚಿ ತಳ್ಳಿಕೊಂಡು ಹಿಂದೆ. ಒಂದು ಕಡೆ ಲಲಿತಕ್ಕ ಎಡಗೈಯಿಂದ ಗಾಲಿ ಹಿಡಿದು ನಿಲ್ಲಿಸಿದರು. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ನೇರ ಕಾಣುವುದು ಕೆಳಗಿನ ಹಲಗೆ.

"ರೀ," ಅಂದರು. "ಇದನ್ನ ಮಾಡಿದೋನಿಗೆ ಕಣ್ಣು ಕಾಣ್ತಿರಲಿಲ್ವಾ? ಒಂದು ಕಿವಿ ಅಡ್ಡ ಇದೆ, ಒಂದು ಉದ್ದ ಇದೆ."

ರಾಯರು ದೂರದಿಂದಲೇ, "ಕಿವಿ ಮುರಿದು ಯಾರೋ ರಿಪೇರಿ ಮಾಡಿರಬೇಕು," ಅಂದರು. ಆಮೇಲೆ ಬಂದರು. ಬಗ್ಗಿದರು. ಮೊಣಕಾಲೂರಿದರು. ಮೂಗು ಗ್ಲಾಸಿಗೆ ತಾಗಿತು. ಕಾವಲಿನ ಹೆಂಗಸು ಏನೂ ಅನ್ನಲಿಲ್ಲ.

ಅದು ಸ್ಕೈಫೋಸ್, ಆಳವಾದ ಕುಡಿಯುವ ಬಟ್ಟಲು. ಕಪ್ಪು, ಮೇಲೊಂದು ಗೂಬೆಯ ಚಿತ್ರ. ಒಂದು ಕಡೆ ನಮ್ಮ ಕಾಫಿ ಕಪ್ಪಿನ ಹಾಗೆ ನಿಂತ ಕಿವಿ. ಇನ್ನೊಂದು ಕಡೆ ಬುಟ್ಟಿಯ ಹಿಡಿಯ ಹಾಗೆ ಮಲಗಿದ ಕಿವಿ. ರಿಪೇರಿಯಲ್ಲ, ಗೂಬೆಯ ಬಟ್ಟಲುಗಳನ್ನು ಹೀಗೆಯೇ ಮಾಡುತ್ತಿದ್ದರು, ಇಂಥವು ಬೇಕಾದಷ್ಟು ಸಿಕ್ಕಿವೆ ಎಂದು ಪಕ್ಕದ ಚೀಟಿಯಲ್ಲಿ ಬರೆದಿತ್ತು. ಯಾಕೆ ಹಾಗೆ ಎಂದು ಬರೆದಿರಲಿಲ್ಲ. ರಾಯರು ಆ ಕೋಣೆಗೆ ಎಂಟು ತಿಂಗಳಿಂದ ವಾರಕ್ಕೆರಡು ಸಲ ಬಂದಿದ್ದರು. ನಿಂತ ಮನುಷ್ಯನಿಗೆ ಕೆಳಗಿನ ಹಲಗೆ ಕಂಡೇ ಇರಲಿಲ್ಲ.

ಲಲಿತಕ್ಕ ಗಾಜಿನ ಈಚೆ ತಮ್ಮ ಎಡಗೈಯನ್ನು ನಿಂತ ಕಿವಿಯ ನೇರಕ್ಕೆ ಹಿಡಿದರು. ಆಮೇಲೆ ಎಡಗೈಯಿಂದಲೇ ಬಲಗೈಯನ್ನೆತ್ತಿ, ಆ ಕೊಕ್ಕೆಯಾದ ಬೆರಳುಗಳನ್ನು ಮಲಗಿದ ಕಿವಿಯ ಕೆಳಗೆ ತಂದರು. ಗಾಳಿಯಲ್ಲಿ ಎತ್ತಿದರು.

"ಇದರಲ್ಲಾದ್ರೆ ಕುಡೀಬಹುದು," ಅಂದರು. ಸ್ವಲ್ಪ ತಡೆದು, "ಗೂಬೆ ಮಾತ್ರ ಬೇಡ. ಬೆಳಗ್ಗೆ ಎದ್ದು ಯಾರು ಗೂಬೆ ಮುಖ ನೋಡ್ತಾರೆ? ಗಿಳಿ ಬರೀರಿ."

ರಾಯರು ಹೊರಗೆ ಬಂದವರೇ ವ್ಯಾನಿನ ಹತ್ತಿರ ಓಡಿದರು. ಹೆಂಡತಿಯನ್ನು ಒಳಗೇ ಬಿಟ್ಟಿದ್ದೀರಿ ಎಂದು ನಾನು ಕೂಗಿ ನೆನಪಿಸಬೇಕಾಯಿತು.

ಮೊದಲನೆಯದು ಗೂಡಿನಲ್ಲಿ ಸೀಳಿತು. ಎರಡನೆಯದರ ಮಲಗಿದ ಕಿವಿ ಕಿರಿದಾಗಿ ನಾಲ್ಕು ಬೆರಳು ಹೋಗಲಿಲ್ಲ. ಮಣ್ಣು ಒಣಗಲು ಒಂದು ವಾರ, ಎರಡು ಸಲ ಸುಡಲು ಇನ್ನಷ್ಟು ದಿನ. ಒಣಗುವ ಮಣ್ಣನ್ನು ಅವಸರ ಮಾಡುವಂತಿಲ್ಲ. ರಾಯರು ಕ್ರಾಫ್ಟ್ ಸೆಂಟರಿನ ಹೊರಗೆ ಓಡಾಡಿ ಅಲ್ಲಿನ ಹುಲ್ಲಿನಲ್ಲಿ ದಾರಿ ಮಾಡಿಬಿಟ್ಟರು. ಚೆಕಪ್ಪಿಗೆ ಒಂದು ವಾರವಿದೆ ಅನ್ನುವಾಗ, ಒಂದು ಭಾನುವಾರ ಎಂಟು ಗಂಟೆಗೆ ಫೋನು ಬರಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ಮೂರನೆಯ ಬಟ್ಟಲು ಅವರ ಮೇಜಿನ ಮೇಲಿತ್ತು. ಮಣ್ಣಿನ ಕೆಂಪು, ಒಳಗೆ ಕುಡಿಯುವುದಕ್ಕೆ ಅಪಾಯವಿಲ್ಲದ, ಗಾಜಿನಂಥ ಬಿಳಿ ಲೇಪ. ಗಿಳಿ ಸ್ವಲ್ಪ ಕೋಳಿಯ ಹಾಗಿತ್ತು. "ಡಿಕಾಕ್ಷನ್ ನೀವು ಹಾಕಿ ಸುಮಿತ್ರಮ್ಮ, ನಾನು ಹನಿ ನೋಡ್ತೀನಿ," ಅಂದರು ರಾಯರು. ಬಿಸಿ ಹದ ನೋಡಿ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದೆ.

ಲಲಿತಕ್ಕ ಎಡಗೈಯಿಂದ ಬಲಗೈಯನ್ನು ತಂದು, ಬೆರಳುಗಳನ್ನು ಒಂದೊಂದಾಗಿ ಮಲಗಿದ ಕಿವಿಯೊಳಗೆ ಸಿಕ್ಕಿಸಿದರು. ಆಮೇಲೆ ಎಡಗೈ ನಿಂತ ಕಿವಿಯನ್ನು ಹಿಡಿಯಿತು. ಬಟ್ಟಲು ಮೇಜು ಬಿಟ್ಟು ಎದ್ದಿತು. ಓಲಾಡಿತು. ಒಂದು ಹನಿ ಸೀರೆಯ ಮೇಲೆ ಬಿತ್ತು. ಮುಂದಕ್ಕೆ ಹೋದ ರಾಯರ ಕೈಯನ್ನು ನಾನು ನನಗೇ ಗೊತ್ತಿಲ್ಲದೆ ಹಿಡಿದುಕೊಂಡಿದ್ದೆ. ಅಂಚು ತುಟಿಗೆ ತಾಗಿತು. ಒಂದು ಗುಟುಕು. ಎರಡು. ಮೂರು. ನಾನು ಎಣಿಸುವುದನ್ನು ಬಿಟ್ಟೆ. ಬಟ್ಟಲು ಓರೆಯಾಗುತ್ತ ಆಗುತ್ತ ಅವರ ಮುಖವನ್ನು ಮುಚ್ಚಿತು. ಕೋಳಿಯಂಥ ಗಿಳಿಯೊಂದೇ ಕಾಣುತ್ತಿತ್ತು.

ಟಕ್ ಎಂದು ಬಟ್ಟಲನ್ನು ಕೆಳಗಿಟ್ಟರು. ಖಾಲಿ.

"ಸಕ್ಕರೆ ಕಮ್ಮಿ," ಅಂದರು.

ಪಕ್ಕದಲ್ಲಿ ಏನೋ ಕಿರುಗುಟ್ಟಿತು. ತಿರುಗಿ ನೋಡಿದರೆ ರಾಯರು ಕುರ್ಚಿ ಎಳೆದು ಕೂತಿದ್ದರು. ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಪರೀಕ್ಷೆ ಬರೆದು ಮುಗಿಸಿದವರ ಹಾಗೆ. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ರೀ ಕೂತ್ಬಿಟ್ರಿ?" ಅಂದರು ಲಲಿತಕ್ಕ. "ಮಣ್ಣು ಒಣಗಲ್ವಾ? ಏಳಿ, ಇನ್ನರ್ಧ ಲೋಟ ಹಾಕಿ."

ಸೆಪ್ಟೆಂಬರಿನಲ್ಲಿ ಡಾಕ್ಟರು ಟ್ಯೂಬಿನ ಮಾತೆತ್ತಲಿಲ್ಲ. ಲಲಿತಕ್ಕ ಆಸ್ಪತ್ರೆಗೂ ಬಟ್ಟಲನ್ನು ಟವೆಲಿನಲ್ಲಿ ಸುತ್ತಿಸಿಕೊಂಡು ಹೋಗಿದ್ದರು. ಥೆರಪಿಯ ಹುಡುಗಿ, ಇದನ್ನು ಎಲ್ಲಿ ಕೊಂಡಿರಿ, ನನ್ನ ಬೇರೆ ಪೇಶಂಟುಗಳಿಗೂ ಬೇಕಲ್ಲ ಎಂದು ಕೇಳಿದಳಂತೆ. ಬುಡದಲ್ಲಿ ರಾಯರು ಮೊಳೆಯಿಂದ ಗೀಚಿದ್ದರು: "ಲಲಿತಾಳದ್ದು." ಶಾಪದ ಸಾಲನ್ನೂ ಸೇರಿಸಲೇ ಎಂದು ಕೇಳಿದ್ದಕ್ಕೆ ಲಲಿತಕ್ಕ, "ಈ ಗಿಳಿ ನೋಡಿದ ಮೇಲೆ ಯಾರು ಕದೀತಾರೆ?" ಅಂದಿದ್ದರು.

ಮುಂದಿನ ವರ್ಷ ಅವರ ಮಗಳು ವೀಣಾ ಇಬ್ಬರನ್ನೂ ಲಾರೆನ್ಸ್‌ವಿಲ್‌ಗೆ, ತನ್ನ ಮನೆಗೆ ಕರೆದುಕೊಂಡು ಹೋದಳು. ಭಾನುವಾರದ ಫೋನು ಈಗ ಜಾರ್ಜಿಯಾದಿಂದ. ನನಗೆ ಕೆಲಸದ ಪರ್ಮಿಟ್ ಸಿಕ್ಕಿ, ಬೆಳಗ್ಗೆಯ ಅವಸರದಲ್ಲಿ ಎಷ್ಟೋ ದಿನ ನೋಟುಪುಸ್ತಕ ಖಾಲಿ ಉಳಿಯುತ್ತಿತ್ತು. ಆಗ ನಾನು ಸುಳ್ಳೇ "ಹನಿ ಇಲ್ಲ" ಅಂದರೆ ಅವರಿಗೆ ಗೊತ್ತಾಗುತ್ತಿತ್ತು. "ಬಳಸಿಲ್ಲ ನೀವು," ಅನ್ನುವರು.

ಕೊನೆಯ ಸಲ ನೋಡಿದ್ದು ಒಂದು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ. ಆರು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ವೀಣಾಳ ಅಡುಗೆಮನೆಯ ಕಪಾಟಿನಲ್ಲಿ ಒಂದೇ ಥರದ ಹನ್ನೊಂದು ಬಟ್ಟಲು ಸಾಲಾಗಿದ್ದವು, ಅಡ್ಡ ಕಿವಿ ಬಲಕ್ಕೆ, ಉದ್ದ ಕಿವಿ ಎಡಕ್ಕೆ. ಹನ್ನೆರಡನೆಯದು ಲಲಿತಕ್ಕನ ಕೈಯಲ್ಲಿತ್ತು. "ಇಷ್ಟೊಂದು ಯಾಕೆ ರಾಯರೇ?" ಅಂದೆ. "ಮಡಿಕೆ ಅಂದ್ಮೇಲೆ ಒಡೆಯುತ್ತೆ. ಒಡೆದಾಗ ನಾನು ಇರ್ಬೇಕು ಅಂತೇನೂ ಇಲ್ವಲ್ಲ," ಅಂದರು, ತಟ್ಟೆ ಹಿಡಿದು ಮೇಜಿಗೆ ಸುತ್ತು ಹಾಕುತ್ತಲೇ. ಅವರು ಅದನ್ನು ಹವಾಮಾನದ ಮಾತಿನ ಹಾಗೆ ಹೇಳಿದ್ದರಿಂದ ನಾನು ಹೆಚ್ಚು ಯೋಚಿಸಲಿಲ್ಲ. ಹೊರಡುವಾಗ ಕಾರಿನ ಕಿಟಕಿಗೆ ಬಗ್ಗಿ, "ನಿಮ್ಮ ಎಣ್ಣೆ ಕುಡಿಕೆ ಕತ್ತಿನ ಹತ್ತಿರ ಬಿರುಕು ಬಿಟ್ಟಿದೆ ಅಂದ್ರಲ್ಲ, ದಿನಾ ನೋಡ್ತಿರಿ," ಅಂದರು.

ವಸಂತದಲ್ಲಿ ವೀಣಾಳ ಫೋನು ಬಂತು. ಅಲ್ಲಿನ ಮಣ್ಣಿನ ಸ್ಟುಡಿಯೋದ ಪಾರ್ಕಿಂಗ್ ಲಾಟಿನಲ್ಲಿ, ರಾಯರು ಕಾರಿನ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಿದ್ದರಂತೆ. ಹಾಗೆಯೇ ಜೀವ ಹೋಗಿತ್ತು. ನಾವಿಬ್ಬರೂ ಲಾರೆನ್ಸ್‌ವಿಲ್‌ಗೆ ಹೋಗಿ ಬಂದೆವು. ಲಲಿತಕ್ಕ ಅಳಲಿಲ್ಲ. ಕಾಫಿ ಕೊಟ್ಟರೆ ಬೇಡ ಅಂದರು. ಹನ್ನೆರಡು ಬಟ್ಟಲೂ ಕಪಾಟಿನಲ್ಲಿದ್ದವು. "ಅಮ್ಮ ಏನೂ ಕುಡೀತಿಲ್ಲ ಆಂಟಿ," ಎಂದು ವೀಣಾ ಬಾಗಿಲಲ್ಲಿ ಮೆಲ್ಲಗೆ ಅಂದಳು. ಆರು ಗಂಟೆಯ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಎರಡು ಭಾನುವಾರ ಎಂಟು ಗಂಟೆ ಸುಮ್ಮನೆ ಬಂದು ಹೋಯಿತು. ಆ ಹೊತ್ತಿಗೆ ಅಡುಗೆಮನೆಯಲ್ಲಿರಲಾಗದೆ ನಾನು ಬಟ್ಟೆ ಒಗೆಯಲು ಕೆಳಗಿಳಿಯುತ್ತಿದ್ದೆ.

ಮೂರನೆಯ ಭಾನುವಾರ ದೋಸೆ ಹುಯ್ಯುತ್ತಿದ್ದೆ. ಫೋನು ಹೊಡೆಯಿತು. ಗಡಿಯಾರ ನೋಡಿದೆ. ಎಂಟು.

"ಹೂಂ, ವರದಿ ಹೇಳು," ಅಂದಿತು ಲಲಿತಕ್ಕನ ದನಿ.

ನಾನು ಸೌಟನ್ನು ಕೆಳಗಿಟ್ಟೆ.

"ಎಣ್ಣೆ ಕುಡಿಕೆ ಕತ್ತಿನ ಹತ್ತಿರ ಬಿರುಕಿದೆ ಅಂತ ಬರೆದಿಟ್ಟು ಹೋಗಿದ್ದಾರೆ ಇವರು. ಸೋರುತ್ತಾ?"

"ತಾಳಿ ಲಲಿತಕ್ಕ," ಅಂದೆ. ಒಲೆಯ ಪಕ್ಕದ ಕುಡಿಕೆಯನ್ನು ಎತ್ತಿ ಬಟ್ಟೆಯಿಂದ ಒರೆಸಿ, ದೋಸೆಯ ಮೇಲೆ ಬಗ್ಗಿಸಿದೆ. ನೂಲಿನ ಹಾಗೆ ಬಿತ್ತು. ನಿಲ್ಲಿಸಿದೆ. ನಿಂತಿತು. ಕತ್ತಿನ ಸುತ್ತ ಬೆರಳಾಡಿಸಿ ನೋಡಿದೆ.

"ಇಲ್ಲ ಅಕ್ಕ. ಒಣಗಿದೆ."

"ಸರಿ, ಬರ್ಕೊ," ಅಂದರು. ಫೋನು ಎಲ್ಲೋ ಒರಗಿಸಿಟ್ಟ ಹಾಗಾಯಿತು. ಒಂದು ಗುಟುಕು. ಎರಡು. ಆಮೇಲೆ ಅಷ್ಟು ದೂರದ ಜಾರ್ಜಿಯಾದಿಂದ, ಮೇಜಿನ ಮೇಲೆ ಟಕ್ ಎಂದು ಮಣ್ಣು ಕೂತ ಸದ್ದು ಕೇಳಿಸಿತು.